ಕ್ರೇನಿನ ಮೇಲಿರುವ ಅಕ್ಕನಿಗೆ

ಮನೆ, ಮುಂದಿನ ಕೋಣೆ
೧೪ನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕ್ಯಾಬಿನ್ನಿಗೆ ಏಣಿ ಹತ್ತಿ ಹತ್ತಿ ಮೊಣಕಾಲು ಹಳೇ ಬಾಗಿಲಿನ ಹಾಗೆ ಕಿರ್ ಅನ್ನುತ್ತದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಅಮ್ಮ ಉಣ್ಣೆಯ ಪಟ್ಟಿ ಹೆಣೆಯುತ್ತಿದ್ದಾಳೆ. ಒಂದು ಕಾಲಿನದು ಮುಗಿದಿದೆ. ಇನ್ನೊಂದು ಮುಗಿಯುವ ತನಕ ಯಾವ ಕಾಲನ್ನು ಬೆಚ್ಚಗಿಡಬೇಕು ಎಂಬುದು ನಿನ್ನ ವಿವೇಚನೆಗೆ ಬಿಟ್ಟದ್ದು. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯ ತಾನೇ? ಹಾಸ್ಟೆಲಿನ ಅಡುಗೆಯವಳ ಬಗ್ಗೆ ನೀನು ಬರೆದದ್ದನ್ನು ಅಮ್ಮನಿಗೆ ಓದಿ ತೋರಿಸಬಾರದಿತ್ತು. ಅವತ್ತಿನಿಂದ ನಿನ್ನ ಹೊಟ್ಟೆಯ ಚಿಂತೆಯನ್ನೆಲ್ಲ ನನ್ನ ತಟ್ಟೆಗೆ ಬಡಿಸುತ್ತಿದ್ದಾಳೆ.

ನನ್ನ ಆರೋಗ್ಯದ ಜಮಾ-ಖರ್ಚು ಹೀಗಿದೆ. ಕಾಲುಗಳು ಎಂದೋ ನಿವೃತ್ತಿ ತೆಗೆದುಕೊಂಡವು, ಅವುಗಳ ಸುದ್ದಿ ಬೇಡ. ಎಡಗೈ ಈಗ ಅರ್ಧ ದಿನದ ಕೆಲಸಗಾರ, ಮಧ್ಯಾಹ್ನದ ಮೇಲೆ ಕರೆದರೆ ಬರುವುದಿಲ್ಲ. ಬಲಗೈಯ ತೋರುಬೆರಳು ಮಾತ್ರ ಇನ್ನೂ ನಿಯತ್ತಾಗಿದೆ, ಈ ಕಾಗದವನ್ನು ಅದೊಂದೇ ಕುಟ್ಟುತ್ತಿದೆ. ಉಸಿರಾಟ ಚೆನ್ನಾಗಿದೆ ಎಂದು ನರಗಳ ಡಾಕ್ಟರು ಹೋದ ವಾರ ಹೇಳಿದರು. ನಾಲಿಗೆ ಮಾತ್ರ ದಿನೇ ದಿನೇ ದಪ್ಪವಾಗುತ್ತಿದೆ. ಬಾಯಲ್ಲಿ ಯಾರೋ ಒದ್ದೆ ಟವೆಲು ಮಡಚಿಟ್ಟ ಹಾಗೆ. ನೀನು ಹೋದಾಗ ಮನೆಗೆ ಬಂದವರಲ್ಲಿ ಅರ್ಧ ಜನರಿಗಾದರೂ ನನ್ನ ಮಾತು ತಿಳಿಯುತ್ತಿತ್ತು. ಈಗ ಅಮ್ಮನೂ ಒಮ್ಮೊಮ್ಮೆ “ಏನೋ?” ಅನ್ನುತ್ತಾಳೆ.

ಇಷ್ಟೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ಕೇಳಬೇಡ. ಫೋನಿನಲ್ಲಾದರೆ ನಾನು ವಾಕ್ಯ ಶುರು ಮಾಡುತ್ತೇನೆ, ನೀನು ಮುಗಿಸುತ್ತೀಯ. ಹೇಳಬೇಕೆಂದಿದ್ದದ್ದು ಒಂದು, ಆಗಿಹೋಗುವುದು ಇನ್ನೊಂದು. ಕಾಗದದ ಮೇಲೆ ನಿನ್ನ ಆಟ ನಡೆಯುವುದಿಲ್ಲ, ಕೊನೆಯ ತನಕ ಬಾಯಿ ಮುಚ್ಚಿಕೊಂಡು ಓದಲೇಬೇಕು. ಅದೂ ಈ ವಾರದಲ್ಲೇ ಓದಬೇಕು. ತಿಂಗಳ ಕೊನೆಗೆ ನಿನ್ನ ತರಬೇತಿ ಮುಗಿದು ಕೆಲಸ ಖಾಯಂ ಆಗುತ್ತದೆ, ಅದಕ್ಕೆ ಮೊದಲೇ ರಾಜೀನಾಮೆ ಕೊಟ್ಟು ಮನೆಗೆ ಬಂದುಬಿಡುತ್ತೇನೆ ಎಂದು ನೀನು ಬರೆದಿರುವೆ. “ಖಾಯಂ ಆದ ಮೇಲೆ ಬಿಡೋದು ಕಷ್ಟ ಆಗುತ್ತೆ ಕಣೋ” ಎಂದು ಬೇರೆ. ಬಿಡಲು ಕಷ್ಟವಾಗುವ ಕೆಲಸವನ್ನು ಯಾರಾದರೂ ಬಿಡುತ್ತಾರೆಯೇ, ದಡ್ಡಿ?

ನೀನು ಯಾಕೆ ಹೀಗೆ ನಿರ್ಧರಿಸಿದೆ ಎಂದು ಗೊತ್ತು. ಆ ನಾಟಕದ ರಾಣಿಯ ವಿಡಿಯೋ ನಿನಗೂ ತಲುಪಿದೆ. ಯಾರು ಕಳುಹಿಸಿದರೋ, ಅವರ ಬೆರಳಿಗೆ ನನ್ನ ಕಾಯಿಲೆ ಒಂದು ವಾರ ಬರಲಿ. ನಡೆದದ್ದು ಇಷ್ಟು. ನೀನು ಹೋದ ಮೇಲೆ ನಮ್ಮ ಭಾಷಣದ ಸಭೆಗಳನ್ನು ಗೊತ್ತು ಮಾಡುವ ಏಜೆಂಟನಿಗೆ ನಿದ್ದೆ ಹತ್ತಲಿಲ್ಲ. “ಸಾರ್, ನೀವು ಹೇಳಿದ್ದನ್ನ ಮೈಕಿನಲ್ಲಿ ಸ್ಪಷ್ಟವಾಗಿ ತಿರುಗಿ ಹೇಳೋಕೆ ಅಕ್ಕ ಇಲ್ಲ ಅಂದ್ರೆ ಇನ್ನೊಬ್ಬರನ್ನ ತರೋಣ. ನೀವು ಸುಮ್ನೆ ಕೂತಿದ್ರೂ ಸಾಕು, ನಿಮ್ಮನ್ನ ನೋಡಿದ್ರೇ ಜನಕ್ಕೆ ಸ್ಫೂರ್ತಿ” ಎಂದ. ನೋಡಿದರೆ ಸಾಕೆಂದರೆ ನನ್ನ ಫೋಟೋ ಕಳುಹಿಸು, ನಾನು ಮನೆಯಲ್ಲಿ ಮಲಗುತ್ತೇನೆ ಎಂದೆ. ಅವನಿಗೆ ನನ್ನ ಮಾತು ತಿಳಿಯಲಿಲ್ಲ, ನಕ್ಕ. ನಾಟಕಗಳಲ್ಲಿ ರಾಣಿಯ ಪಾತ್ರ ಮಾಡುವ ಒಬ್ಬಾಕೆಯನ್ನು ಕರೆತಂದ. ಗಂಟೆಯಂಥ ಕಂಠ, ಒಪ್ಪುತ್ತೇನೆ. ಆದರೆ ನನ್ನ ಪ್ರತಿ ವಾಕ್ಯಕ್ಕೂ ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ಮೇಲೆ ನೋಡುತ್ತಿದ್ದಳು. ನಡುವೆ ಗಂಟಲೊಣಗಿ ನಾನು ನೀರು ಕೇಳಿದೆ. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ಮೈಕಿನಲ್ಲಿ “ನೀರು ಕೊಡಿ...!” ಎಂದಳು. ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ನೀರನ್ನು ಮಾತ್ರ ಯಾರೂ ಕೊಡಲಿಲ್ಲ.

ಅದನ್ನು ನೋಡಿ ನೀನು ಕಣ್ಣೀರು ಹಾಕಿದೆಯಂತೆ, ಅಮ್ಮ ಹೇಳಿದಳು. ನಾನು ನಕ್ಕೆ. ನಕ್ಕು ಮುಗಿದ ಮೇಲೆ ಕೂತು ಯೋಚಿಸಿದೆ. ಮನೆ ಮನೆ ಬಾಗಿಲು ತಟ್ಟಿ ನೀರು ಸೋಸುವ ಯಂತ್ರ ಮಾರಿದವನು ನಾನು. ಮುಖದ ಮೇಲೆ ಬಾಗಿಲು ಹಾಕಿಸಿಕೊಂಡಾಗಲೆಲ್ಲ ಮೆಟ್ಟಿಲ ಮೇಲೇ ನಿಂತು, ಎಡವಿದ್ದೆಲ್ಲಿ ಎಂದು ನೋಡಿಕೊಂಡೇ ಮುಂದಿನ ಮನೆಗೆ ಹೋಗುತ್ತಿದ್ದವನು. ಆಗ ನನಗಿದ್ದ ಬಂಡವಾಳ ನಾಲಿಗೆಯೊಂದೇ. ಕಾಯಿಲೆ ಬಂದು ಕಾಲು ನಿಂತಾಗ ಅದೇ ನಾಲಿಗೆ ನನ್ನನ್ನು ವೇದಿಕೆಗೆ ಹತ್ತಿಸಿತು, ಪುಸ್ತಕ ಬರೆಸಿತು. ಅದು ತೊದಲತೊಡಗಿದಾಗ ನೀನು ಎದ್ದು ಬಂದು ಪಕ್ಕದಲ್ಲಿ ನಿಂತೆ. ಯಾರೂ ಕರೆಯಲಿಲ್ಲ. ನಾನು ಹೇಳುವುದು, ನೀನು ತಿರುಗಿ ಹೇಳುವುದು. ಊರೂರು ಸುತ್ತಿದೆವು. ಜನ ನಮ್ಮನ್ನು ಜೋಡಿ ಎತ್ತು ಎಂದರು, ಮೆಚ್ಚಿಗೆಯಿಂದಲೇ.

ಈಗ ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನನ್ನ ಮಾತನ್ನು ನೀನು ಹಾಗೇ ಹೇಳುತ್ತಿರಲಿಲ್ಲ. ನಾನು “ರಾತ್ರಿ ಭಯವಾಗುತ್ತದೆ” ಎಂದರೆ ನೀನು ಮೈಕಿನಲ್ಲಿ “ರಾತ್ರಿ ಭಯವಾಗುತ್ತದೆ, ಆದರೆ ಬೆಳಗಾಗೇ ಆಗುತ್ತದೆ” ಅನ್ನುತ್ತಿದ್ದೆ. ತೂಕ ಮುಗಿದ ಮೇಲೆ ಅಂಗಡಿಯವನು ಮಗುವಿನ ಕೈಗೆ ಎರಡು ಮಿಠಾಯಿ ಹಾಕುತ್ತಾನಲ್ಲ, ಹಾಗೆ. ಜನಕ್ಕೆ ಆ ಮಿಠಾಯಿಯೇ ರುಚಿಸಿತು. ಸಭೆ ಮುಗಿದ ಮೇಲೆ ನನ್ನ ಕೈ ಹಿಡಿದು “ಬೆಳಗಾಗೇ ಆಗುತ್ತೆ ಅಂದ್ರಲ್ಲ ಸಾರ್, ಆ ಮಾತು ಸಾಕು ನಮಗೆ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ವ್ಯಾಪಾರ ಚೆನ್ನಾಗಿ ನಡೆಯುವಾಗ ಸರಕು ಯಾರದೆಂದು ಯಾರು ಕೇಳುತ್ತಾರೆ? ನೀನು ಮಾಡಿದ್ದು ನನ್ನ ಮೇಲಿನ ಪ್ರೀತಿಯಿಂದ. ಕೇಳಲು ಕಷ್ಟವಾಗುವ ಮಾತು ನಿನ್ನ ತಮ್ಮನ ಬಾಯಿಂದ ಬಂದಾಗ ಅದನ್ನು ಹಾಗೇ ಎತ್ತಿ ನೂರಾರು ಜನರ ಮುಂದೆ ಇಡುವುದು ನಿನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಅದಕ್ಕೆ ನೀನೇ ಕಾರಣ. ಹೋದ ತಿಂಗಳ ಕಾಗದದಲ್ಲಿ ಬಂದರಿನ ಪದ್ಧತಿಯೊಂದನ್ನು ಬರೆದಿದ್ದೆಯಲ್ಲ. ಕೆಳಗೆ ನಿಂತವನು ವಾಕಿಟಾಕಿಯಲ್ಲಿ ಏನು ಹೇಳುತ್ತಾನೋ ಮೇಲೆ ಕೂತವರು ಅದನ್ನೇ ಅವನಿಗೆ ತಿರುಗಿ ಹೇಳಬೇಕು, ಅವನು “ಸರಿ” ಅನ್ನುವ ತನಕ ಹಿಡಿಕೆ ಮುಟ್ಟಬಾರದು ಎಂದು. ಮೊದಲ ವಾರ ಮೇಸ್ತ್ರಿ “ಎಡಕ್ಕೆ, ನಿಧಾನ” ಎಂದರೆ ನೀನು “ಎಡಕ್ಕೆ, ತುಂಬಾ ನಿಧಾನವಾಗಿ, ಜೋಪಾನವಾಗಿ” ಎಂದೆಯಂತೆ. ಅವರು ಕೆಳಗಿನಿಂದಲೇ “ನಾನು ಹೇಳಿದ್ದನ್ನ ಹೇಳಮ್ಮಾ! ನಿನ್ನ ಒಗ್ಗರಣೆ ಮನೇಲಿಟ್ಟು ಬಾ!” ಎಂದು ಕೂಗಿದರಂತೆ. ಓದಿ ನಾನು ಕೆಮ್ಮು ಬರುವಷ್ಟು ನಕ್ಕೆ. ಅಮ್ಮ ಹೆದರಿ ಬೆನ್ನು ತಟ್ಟಲು ಓಡಿ ಬಂದಳು. ಅಕ್ಕಾ, ಪ್ರಪಂಚದಲ್ಲಿ ಎಷ್ಟೋ ಜನ ಕ್ರೇನ್ ಕಲಿತಿದ್ದಾರೆ, ಮೇಸ್ತ್ರಿಯ ಆಜ್ಞೆಯನ್ನು ಇನ್ನಷ್ಟು ಚೆಂದ ಮಾಡಿ ಒಪ್ಪಿಸಿ ಬೈಸಿಕೊಂಡವಳು ನೀನೊಬ್ಬಳೇ ಇರಬೇಕು. ನಗು ನಿಂತ ಮೇಲೆ ಕಾಗದವನ್ನು ಮತ್ತೆ ಓದಿದೆ. ಹೇಳುವವನಿಗೂ ಕೇಳುವವನಿಗೂ ನಡುವೆ ಅಲ್ಲಿ ಮೂರನೆಯವರು ಇಲ್ಲ. ಕೇಳಿದವರೇ ತಿರುಗಿ ಹೇಳುತ್ತಾರೆ.

ಅದೇ ಹೊತ್ತಿಗೆ ಇಲ್ಲಿನ ಬಸ್ ಡಿಪೋದ ಕಾರ್ಮಿಕರ ಸಂಘದವರು ಮಾತಾಡಲು ಕರೆದಿದ್ದರು. ಏಜೆಂಟನಿಗೆ ತಿಳಿಸದೆ ಒಪ್ಪಿಕೊಂಡೆ. ರಿಪೇರಿ ಶೆಡ್ಡಿನಲ್ಲಿ ಎರಡು ಬಸ್ಸುಗಳನ್ನು ಹೊರಗೆ ತಳ್ಳಿ ಕುರ್ಚಿ ಹಾಕಿದ್ದರು. ನೆಲದಲ್ಲಿ ಎಣ್ಣೆಯ ಕಲೆ, ಗೋಡೆಯ ಬದಿಗೆ ಬೋಳಾದ ಟೈರುಗಳು, ಮೂಲೆಯಲ್ಲಿ ಗಾಳಿ ತುಂಬುವ ಯಂತ್ರ ನಡುನಡುವೆ ತಾನೇ ಗೊರಕೆ ಹೊಡೆಯುತ್ತಿತ್ತು. ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್‌ಗಳು ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಬರೆದುಕೊಟ್ಟದ್ದನ್ನು ಅಮ್ಮ ಮೈಕಿನಲ್ಲಿ ಓದಿದಳು: “ನನ್ನ ಮಾತು ತಿಳಿಯುವುದು ಕಷ್ಟ. ನಾನು ಒಂದು ವಾಕ್ಯ ಹೇಳುತ್ತೇನೆ, ನೀವು ಅದನ್ನು ನನಗೆ ತಿರುಗಿ ಹೇಳಬೇಕು. ಸರಿಯಿದ್ದರೆ ತಲೆಯಾಡಿಸುತ್ತೇನೆ. ತಪ್ಪಿದ್ದರೆ ಮತ್ತೆ ಹೇಳುತ್ತೇನೆ. ಸರಿಯಾಗುವ ತನಕ ಮುಂದೆ ಹೋಗುವುದಿಲ್ಲ. ನನಗೆ ಅವಸರವಿಲ್ಲ. ನಿಮ್ಮ ಊಟದ ಬಿಡುವು ಮುಗಿದುಹೋದರೆ ಅದು ನಿಮ್ಮ ಕಷ್ಟ.” ಓದಿ ಮುಗಿಸಿ, ಮೈಕು ದೂರ ಸರಿಸುವುದನ್ನು ಮರೆತು, “ಇದೇನೋ ಇಷ್ಟು ಒರಟಾಗಿ ಬರ್ದಿದೀಯ?” ಎಂದಳು. ಶೆಡ್ಡಿನ ಮೊದಲ ನಗು ಅಮ್ಮನ ಖಾತೆಗೆ ಹೋಯಿತು.

ಮೊದಲ ವಾಕ್ಯ ಹೇಳಿದೆ: “ಕೆಲವು ದಿನ ನನಗೆ ಏಳಬೇಕು ಅನಿಸುವುದಿಲ್ಲ. ಅವತ್ತು ಏಳುವುದಿಲ್ಲ.” ಒದ್ದೆ ಟವೆಲಿನ ಅಡಿಯಿಂದ ಬಂದ ಮಾತು ಹೇಗಿರುತ್ತದೆಂದು ನಿನಗೆ ಗೊತ್ತು. ನಾನು ಮತ್ತೆ ಹೇಳಿದೆ. ಮುಂದಿನ ಸಾಲಿನ ಕಂಡಕ್ಟರಮ್ಮ ಎದ್ದು, ಬಸ್ಸಿನಲ್ಲಿ ಸ್ಟಾಪು ಕೂಗುವ ಗಂಟಲಿನಲ್ಲಿ, “ಏಳ್ಬೇಕು ಅನ್ನಿಸ್ದೇ ಇದ್ರೂ ಎದ್ದೇ ಏಳ್ತೀನಿ ಅಂತಿದಾರೆ!” ಎಂದರು. ಚಪ್ಪಾಳೆಯೋ ಚಪ್ಪಾಳೆ. ಆಕೆಯ ಕಿವಿಯಲ್ಲಿ ಏನೂ ತೊಂದರೆಯಿರಲಿಲ್ಲ, ಅಕ್ಕಾ. ಗಾಲಿಕುರ್ಚಿಯಲ್ಲಿ ಕೂತು ವೇದಿಕೆಗೆ ಬಂದವನು ಏನು ಹೇಳಬೇಕೆಂದು ಆಕೆಗೆ ಮೊದಲೇ ಗೊತ್ತಿತ್ತು, ಹಾಗಾಗಿ ನನ್ನನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ನಾನು ಇಲ್ಲವೆಂದೆ. ಚಪ್ಪಾಳೆ ಅರ್ಧಕ್ಕೆ ನಿಂತಿತು. ನಿಜ ಹೇಳುತ್ತೇನೆ, ಚಪ್ಪಾಳೆಯನ್ನು ನಿಲ್ಲಿಸುವುದು ನನ್ನಂಥವನಿಗೆ ಊಟದ ತಟ್ಟೆಯನ್ನು ಹಿಂದಕ್ಕೆ ತಳ್ಳಿದ ಹಾಗೆ. ಆದರೂ ತಳ್ಳಿದೆ. ಮತ್ತೆ ಹೇಳಿದೆ. ಹಿಂದಿನಿಂದ ಇನ್ನೊಬ್ಬರು, “ಕಷ್ಟ ಆದ್ರೂ ಏಳ್ತಾರಂತೆ” ಎಂದರು. ಇಲ್ಲ. ಮತ್ತೆ ಹೇಳಿದೆ. ಬೆವರು ಕಣ್ಣಿಗೆ ಇಳಿಯಿತು. ಅಮ್ಮ ಒರೆಸಲು ಬಂದಳು, ಬೇಡವೆಂದೆ. ಕೊನೆಗೆ ಬಾಗಿಲ ಬಳಿ ನಿಂತಿದ್ದ ಒಬ್ಬ ಡ್ರೈವರು, ಬಾಯಲ್ಲಿದ್ದ ತುತ್ತು ನುಂಗಿ, “ಅವತ್ತು ಏಳಲ್ಲ ಅಂತಿದಾನೆ ಕಣ್ರೋ. ಹೌದೇನಪ್ಪಾ?” ಎಂದರು. ನಾನು ತಲೆಯಾಡಿಸಿದೆ. “ಮತ್ತೆ ಮಾರನೇ ದಿನ?” ಎಂದರು. “ಮಾರನೇ ದಿನವೂ ಏಳುವುದಿಲ್ಲ. ಅಮ್ಮ ಎಬ್ಬಿಸುತ್ತಾಳೆ” ಎಂದೆ. ಈ ಸಲ ಒಂದೇ ಸಲಕ್ಕೆ ಇಡೀ ಶೆಡ್ಡಿಗೆ ತಿಳಿಯಿತು. ಎಲ್ಲರೂ ಒಟ್ಟಿಗೆ ತಿರುಗಿ ಹೇಳಿದರು, ಹೇಳಿ ನಕ್ಕರು. ಕಂಡಕ್ಟರಮ್ಮ ಕೂತುಕೊಳ್ಳುತ್ತಾ, “ನಮ್ಮನೇಲೂ ಅದೇ ಕಥೆ, ಆದ್ರೆ ನನ್ನ ಎಬ್ಬಿಸೋರೇ ಇಲ್ಲ” ಎಂದರು. ಯಾರೂ ಕೇಳದೆ, ಮೈಕಿಲ್ಲದೆ. ಆಮೇಲೆ ಮಾತು ನನ್ನಿಂದ ಅವರಿಗೆ, ಅವರಿಂದ ನನಗೆ ಓಡಾಡತೊಡಗಿತು.

ಎಲ್ಲವೂ ಲಾಭವೇ ಎಂದು ಬರೆದರೆ ನಾನು ಏಜೆಂಟನಾಗುತ್ತೇನೆ. ಮಧ್ಯದಲ್ಲಿ ಎದ್ದು ಹೋದವರಿದ್ದರು, ಕೆಲವರಿಗೆ ಬಸ್ಸಿತ್ತು, ಕೆಲವರಿಗೆ ಬೇಸರವಿತ್ತು. ನೀನಿದ್ದಾಗ ಅದೇ ಹೊತ್ತಿನಲ್ಲಿ ಹೇಳಿ ಮುಗಿಸುತ್ತಿದ್ದದ್ದರಲ್ಲಿ ಒಂದು ಹಿಡಿಯಷ್ಟು ಮಾತ್ರ ಹೇಳಲು ಸಾಧ್ಯವಾಯಿತು. ಸಂಘದ ಅಧ್ಯಕ್ಷರು ತಲೆ ಕೆರೆದುಕೊಂಡು “ಸ್ವಲ್ಪ ಕಮ್ಮಿ ಆಯ್ತಲ್ಲ ಸಾರ್” ಎಂದರು. ಸುದ್ದಿ ಕೇಳಿದ ಏಜೆಂಟು ದೊಡ್ಡ ಸಭಾಂಗಣದ ಕಾರ್ಯಕ್ರಮವನ್ನು ರದ್ದು ಮಾಡಿದ. ಹೀಗೆ ಜನರ ಬಾಯಿಗೆ ಕೆಲಸ ಕೊಟ್ಟರೆ ಟಿಕೆಟ್ಟು ಯಾರು ಕೊಳ್ಳುತ್ತಾರೆ ಎಂದು ಅವನ ವಾದ. ಅವನನ್ನೇ ಬಿಟ್ಟೆ. ಇನ್ನೊಂದು ಕಡೆ, ಆ ಡ್ರೈವರು ತಮ್ಮ ಮಾರ್ಗದ ಇನ್ನೊಂದು ಡಿಪೋಗೂ ನನ್ನ ವಿಷಯ ಹೇಳಿದ್ದಾರೆ, ಅಲ್ಲಿಂದ ಕರೆ ಬಂದಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವರೂ ಕರೆದಿದ್ದಾರೆ. ಸಣ್ಣ ಕೋಣೆಗಳು, ಮೈಕೇ ಬೇಕಿಲ್ಲ. ದೊಡ್ಡ ವೇದಿಕೆಯ ಆಸೆ ನನಗೆ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಆ ಶೆಡ್ಡಿನಲ್ಲಿ ನನ್ನ ವಾಕ್ಯ ನಾನು ಕೊಟ್ಟ ತೂಕದಲ್ಲೇ ಹಿಂದಕ್ಕೆ ಬಂದಾಗ ಆದ ಸುಖ ಯಾವ ಚಪ್ಪಾಳೆಯಲ್ಲೂ ಸಿಕ್ಕಿರಲಿಲ್ಲ. ಎರಡನೇ ಪುಸ್ತಕವನ್ನು ನಿಲ್ಲಿಸಿದ್ದೆನಲ್ಲ, ಅದನ್ನು ಮತ್ತೆ ತೆಗೆದಿದ್ದೇನೆ. ಭಾಷಣಗಳನ್ನೆಲ್ಲ ನಾನು ಹೇಳಿದ ಹಾಗೇ ಬರೆಯುತ್ತಿದ್ದೇನೆ, ಮಿಠಾಯಿ ಇಲ್ಲದೆ.

ನಿನ್ನ ಮುಂದಿನ ವಾದ ನನಗೆ ಕೇಳಿಸುತ್ತಿದೆ. “ಈಗೇನೋ ನಡೀತು, ನಾಲಿಗೆ ಪೂರ್ತಿ ನಿಂತ ಮೇಲೆ?” ನಿಲ್ಲುತ್ತದೆ, ಡಾಕ್ಟರು ಮುಚ್ಚಿಡಲಿಲ್ಲ. ಯಾವಾಗ ಎಂದು ಅವರಿಗೂ ಗೊತ್ತಿಲ್ಲ. ಆಗ ಬೆರಳಿದೆ. ಬೆರಳು ಹೋದರೆ ಕಣ್ಣು ಮಿಟುಕಿಸಿ ಅಕ್ಷರ ಆರಿಸುವ ಯಂತ್ರವಿದೆಯಂತೆ, ಅದನ್ನು ಈಗಲೇ ಕಲಿಯಲು ಶುರು ಮಾಡಿದ್ದೇನೆ. ಅಮ್ಮನಿಗೆ ಅದನ್ನು ಕಂಡರೆ ಆಗುವುದಿಲ್ಲ, ನಾನು ಯಾರನ್ನೋ ನೋಡಿ ಕಣ್ಣು ಹೊಡೆಯುತ್ತಿದ್ದೇನೆ ಅನಿಸುತ್ತದಂತೆ. ಒಂದು ವಾಕ್ಯಕ್ಕೆ ಒಂದು ಬೆಳಗು ಹಿಡಿದರೆ ಹಿಡಿಯಲಿ. ಆ ವಾಕ್ಯ ನನ್ನದಾಗಿರುತ್ತದೆ. ಈ ವಿಷಯದಲ್ಲಿ ನಾನು ಚೌಕಾಸಿಗೆ ಇಳಿಯುವುದಿಲ್ಲ.

ಇನ್ನು ಅಮ್ಮ. ಆಕೆಗೆ ನೀನು ಬಂದರೆ ಸಂತೋಷ, ಅದನ್ನು ಮುಚ್ಚಿಟ್ಟರೆ ಮೋಸವಾಗುತ್ತದೆ. “ಬರ್ತೀನಿ ಅಂತಿದಾಳಲ್ಲೋ, ಬರ್ಲಿ ಬಿಡು” ಎಂದು ದಿನಕ್ಕೊಮ್ಮೆ ಅನ್ನುತ್ತಾಳೆ. ನನ್ನನ್ನು ಎತ್ತಿ ಕೂರಿಸುವಾಗ ಅವಳ ಸೊಂಟವೂ ಮಾತಾಡುತ್ತದೆ. ಅದಕ್ಕೂ ದಾರಿ ಮಾಡಿದ್ದೇನೆ. ಕೆಳಗಿನ ಮನೆಯ ನರ್ಸು ಪಾಳಿ ಮುಗಿಸಿ ಬಂದು ಬೆಳಿಗ್ಗೆ ನನ್ನ ಸ್ನಾನ ನೋಡಿಕೊಳ್ಳುತ್ತಾರೆ, ಅದಕ್ಕೆ ಬದಲಾಗಿ ಅವರ ಮಗಳಿಗೆ ನಾನು ಪ್ರಬಂಧ ಬರೆಯುವುದನ್ನು ಹೇಳಿಕೊಡುತ್ತೇನೆ. ಇಬ್ಬರೂ ನಾನೇ ಗೆದ್ದೆ ಅಂದುಕೊಂಡಿದ್ದೇವೆ. ಒಳ್ಳೆಯ ವ್ಯಾಪಾರದ ಲಕ್ಷಣ ಅದು.

ಕೊನೆಗೆ ನಿನ್ನ ವಿಷಯ. ಕೆಲಸಕ್ಕೆ ಸೇರಿದ ಮೊದಲ ದಿನ ನೀನು ಬರೆದದ್ದು ನನ್ನ ಹತ್ತಿರ ಇದೆ: “ಇಲ್ಲಿ ಮೇಲೆ ಕೂತರೆ ಗಾಳಿ ಬಿಟ್ಟು ಯಾರೂ ಮಾತಾಡಿಸುವುದಿಲ್ಲ. ನನ್ನ ತಲೆಯಲ್ಲಿ ನಾನೊಬ್ಬಳೇ ಇದ್ದೇನೆ. ಯಾಕೋ ಅಳು ಬಂತು, ದುಃಖಕ್ಕಲ್ಲ.” ನೀನು ಇಷ್ಟು ದಿನ ಬರೆದ ಕಾಗದಗಳಲ್ಲಿ ಒಂದಾದರೂ ಎರಡು ಪುಟಕ್ಕಿಂತ ಚಿಕ್ಕದಿದೆಯೇ ನೋಡು. ಮನೆಯಲ್ಲಿದ್ದಾಗ ಬಂದವರು ನಿನ್ನನ್ನು ಏನಾದರೂ ಕೇಳಿದರೆ ನೀನು ನನ್ನ ಮುಖ ನೋಡುತ್ತಿದ್ದೆ, ನಾನೇನು ಹೇಳುತ್ತೇನೋ ಎಂದು. ಈಗ ಸಮುದ್ರದ ಬಣ್ಣ, ಕಂಟೇನರು ಸರಿಯಾದ ಜಾಗಕ್ಕೆ ಕೂತಾಗ ಬರುವ ಸದ್ದು, ಮೇಸ್ತ್ರಿಯ ಮೀಸೆ, ಎಲ್ಲವನ್ನೂ ಬರೆಯುತ್ತೀಯ. ಇಷ್ಟು ಮಾತು ಇಷ್ಟು ವರ್ಷ ಎಲ್ಲಿಟ್ಟಿದ್ದೆ, ಮಾರಾಯ್ತಿ? ನಿನ್ನನ್ನು ಅಲ್ಲಿಂದ ಕಿತ್ತು ತಂದು ಮತ್ತೆ ನನ್ನ ಪಕ್ಕದಲ್ಲಿ ನಿಲ್ಲಿಸಿದರೆ ನಮ್ಮಿಬ್ಬರಲ್ಲಿ ಒಬ್ಬರು ಮೂಗರಾಗುತ್ತಾರೆ, ಮತ್ತು ಅದು ನಾನಲ್ಲ. ನನಗೆ ಬೇಕಾಗಿರುವುದು ಅಕ್ಕ. ರಜೆಗೆ ಬಾ, ಜಗಳವಾಡು, ನನ್ನ ಪುಸ್ತಕ ಚೆನ್ನಾಗಿಲ್ಲ ಅನ್ನು. ರಾಜೀನಾಮೆಯನ್ನು ಮಾತ್ರ ಬರೆಯಬೇಡ. ಬರೆದಿಟ್ಟಿದ್ದರೆ ಹರಿದುಹಾಕು.

ಅಮ್ಮ ನಿನಗೆ ಒಳ್ಳೆಯದಾಗಲೆಂದು ಹೇಳಿ ತಲೆ ಸವರಿದ್ದಾಳೆ. ಸದ್ಯಕ್ಕೆ ನನ್ನ ತಲೆ ಸಿಕ್ಕಿತು, ಅದನ್ನೇ ಸವರಿದಳು, ನಿನಗೆ ಮುಟ್ಟಿಸುತ್ತಿದ್ದೇನೆ. ಮೇಸ್ತ್ರಿಯವರಿಗೆ ನನ್ನ ನಮಸ್ಕಾರ. ಹಾಸ್ಟೆಲಿನ ಅಡುಗೆಯವಳಿಗೂ ನಮಸ್ಕಾರ, ಸಿಟ್ಟಿಲ್ಲ. ಗಾಳಿ ಜೋರಾಗಿದ್ದ ದಿನ ಇಳಿಯುವಾಗ ಅವಸರ ಮಾಡಬೇಡ.

ಇಂತಿ,
ನಿನ್ನ ಬಾಯಿಬಡುಕ ತಮ್ಮ

ತಾ.ಕ.: ಅಮ್ಮ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ಮುಂದಿನ ತಿಂಗಳ ಮೊದಲ ವಾರ ನಿಮ್ಮ ಬಂದರಿನ ಕ್ಯಾಂಟೀನಿನಲ್ಲಿ ನನ್ನ ಮಾತಿದೆ. ಮೇಸ್ತ್ರಿಯವರ ಹತ್ತಿರ ಫೋನಿನಲ್ಲಿ ನಾನೇ ಮಾತಾಡಿ ಗೊತ್ತು ಮಾಡಿದೆ, ನಾನು ಹೇಳಿದ್ದನ್ನು ಅವರು ತಿರುಗಿ ಹೇಳುತ್ತಾ ಹೋದರು, ಅಮ್ಮ ಮನೆಯಲ್ಲೇ ಇರಲಿಲ್ಲ. ಇಷ್ಟು ದೂರದ ಪ್ರಯಾಣಕ್ಕೆ ಡಾಕ್ಟರು ಇದೊಂದೇ ಸಲ ಒಪ್ಪಿದ್ದಾರೆ, ಇನ್ನು ಮೇಲೆ ಬೇಡ ಅಂದಿದ್ದಾರೆ. ಆ ಒಂದು ಪ್ರಯಾಣವನ್ನು ನಾನು ಇದಕ್ಕೇ ಖರ್ಚು ಮಾಡುತ್ತಿದ್ದೇನೆ. ಸಭೆಗೆ ನೀನು ಬರಬಾರದು, ಅವತ್ತು ನಿನಗೆ ರಜೆ ಕೊಡಬೇಡಿ ಎಂದು ಕೇಳಿಕೊಂಡಿದ್ದೇನೆ. ಮಾತು ಮುಗಿದ ಮೇಲೆ ಅಮ್ಮ ನನ್ನನ್ನು ತಳ್ಳಿಕೊಂಡು ಹಳದಿ ಗೆರೆಯ ತನಕ ಬರುತ್ತಾಳೆ, ಅಲ್ಲಿಂದ ಮುಂದೆ ಹೊರಗಿನವರು ಬರುವಂತಿಲ್ಲವಂತೆ. ಅಲ್ಲಿಂದಲೇ ತಲೆಯೆತ್ತಿ ನಿನ್ನನ್ನು ನೋಡುತ್ತೇವೆ. ನೀನು ರಾಜೀನಾಮೆ ಕೊಟ್ಟಿದ್ದರೆ ಮೇಲೆ ಬೇರೆ ಯಾರೋ ಕೂತಿರುತ್ತಾರೆ. ಯಾರನ್ನೋ ನೋಡಲು ನಾನು ಅಷ್ಟು ದೂರ ಬರಬೇಕೇ? ಅವತ್ತು ಕೈ ಬೀಸಬೇಡ, ಕೆಳಗೆ ನೋಡಬೇಡ. ನಿನ್ನ ಕೆಲಸ ನೀನು ಮಾಡುತ್ತಿರು.